ಮೂಲಸ್ಥಿತಿ ಮೀಮಾಂಸೆ, ಅಥವಾ ತ್ರೀ ನಾಟ್ ತ್ರೀ ಜೀರ್ಣೋದ್ಧಾರ ವಿಚಾರ

ದೇವಸ್ಥಾನಕ್ಕೆ ಜೀರ್ಣೋದ್ಧಾರವುಂಟು, ಕೆರೆಕಟ್ಟೆಗೆ ಉಂಟು. ಕೋವಿಗೂ ಉಂಟೇ ಎಂಬುದು ಈ ಪ್ರಬಂಧದ ವಿಷಯ. ಉಂಟು ಎನ್ನುವವರು ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಅಮೆರಿಕಗಳಲ್ಲಿ ಧಾರಾಳವಾಗಿದ್ದಾರೆ. ಸೇನೆ ಬಿಸಾಕಿದ ಹಳೆಯ ಕೋವಿಯೊಂದನ್ನು ಹರಾಜಿನಲ್ಲಿ ಕೊಂಡು, ಮನೆಯ ಷೆಡ್ಡಿನ ಮೇಜಿನ ಮೇಲೆ ಮಲಗಿಸಿ, ಅದನ್ನು ‘ಮೂಲಸ್ಥಿತಿ’ಗೆ ಮುಟ್ಟಿಸುವುದು ಇವರ ವ್ರತ. ವ್ರತದ ಅಧಿದೇವತೆ ಹೆಚ್ಚಾಗಿ ಲೀ-ಎನ್‌ಫೀಲ್ಡ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಜೇಮ್ಸ್ ಪ್ಯಾರಿಸ್ ಲೀ ಎಂಬಾತನ ಬೋಲ್ಟಿಗೆ ಲಂಡನ್ನಿನ ಉತ್ತರದ ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆಯ ನಳಿಕೆ ಕೂಡಿ ಆದ ಹೆಸರು ಅದು. ಎನ್‌ಫೀಲ್ಡ್ ಎಂದಕೂಡಲೇ ನಮ್ಮವರ ಕಿವಿಯಲ್ಲಿ ಬುಲೆಟ್ ಬೈಕು ಗುಡುಗುತ್ತದೆ. ತಪ್ಪೇನಿಲ್ಲ, ಆ ಕಂಪನಿ ಇದೇ ಕಾರ್ಖಾನೆಗೆ ಕೋವಿಯ ಬಿಡಿಭಾಗ ಮಾಡಿಕೊಟ್ಟೇ ಹೆಸರು ಪಡೆದದ್ದು. ಕೋವಿಗೆ ಮಾತ್ರ ನಮ್ಮಲ್ಲಿ ಬೇರೆ ಹೆಸರು, ತ್ರೀ ನಾಟ್ ತ್ರೀ. ಬಂಗಾಳದ ಈಶಾಪುರದಲ್ಲೂ ತಯಾರಾಗಿ, ಠಾಣೆಯ ಬಾಗಿಲಲ್ಲಿ ಪೇದೆಯ ಹೆಗಲಿಗೆ ಒರಗಿ, ಎನ್‌ಸಿಸಿ ಹುಡುಗರ ಭುಜ ಇಳಿಬಿಡಿಸಿದ್ದು ಇದೇ. ಇದರ ಮೂರನೇ ಮಾದರಿಯನ್ನು ಬ್ರಿಟಿಷರು ಸೇನೆಗೆ ತಂದದ್ದು 1907ರ ಜನವರಿ 26ರಂದು. ಉತ್ತರ ಪ್ರದೇಶದ ಪೊಲೀಸರು ತ್ರೀ ನಾಟ್ ತ್ರೀಯನ್ನು ಬೀಳ್ಕೊಟ್ಟದ್ದು 2020ರ ಜನವರಿ 26ರ ಪಥಸಂಚಲನದಲ್ಲಿ. ದಿನ ಕೂಡಿಬಂದದ್ದರ ಫಲವನ್ನು ಜೋಯಿಸರು ಹೇಳಲಿ. ಶಾಸ್ತ್ರಕ್ಕೆ ಬೇಕಾದ ಪ್ರಶ್ನೆ ಒಂದೇ: ಈ 113 ವರ್ಷಗಳಲ್ಲಿ ಕೋವಿ ತನ್ನ ಮೂಲಸ್ಥಿತಿಯಲ್ಲಿದ್ದದ್ದು ಯಾವತ್ತು?

ವಸ್ತುನಿರ್ಣಯಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ನೈಯಾಯಿಕರು ಹೇಳಿದ್ದಾರೆ. ಕೋವಿಯ ಮಟ್ಟಿಗೆ ಶಬ್ದಪ್ರಮಾಣವೇ ಎಲ್ಲಕ್ಕಿಂತ ಬಲವಾದದ್ದು ಎಂದು ಯಾರಿಗಾದರೂ ತೋಚೀತು. ಆದರೆ ಗೋಡೆಗೆ ತೂಗುಹಾಕುವ ಕೋವಿಯನ್ನು ಕಾನೂನು ಎಷ್ಟೋ ಕಡೆ ಮೂಕವಾಗಿಸಿಯೇ ಕೈಗೆ ಕೊಡುವುದರಿಂದ ಆ ಪ್ರಮಾಣ ಇಲ್ಲಿ ಒದಗುವುದಿಲ್ಲ. ಅನುಮಾನಕ್ಕೆ ಬರವಿಲ್ಲ, ಕೊಂಡವನಿಗೆ ಮಾರಿದವನ ಮೇಲೆ ಬೇಕಾದಷ್ಟಿದೆ. ಉಪಮಾನ ಮುಂದೆ ಬರುತ್ತದೆ. ಉಳಿದದ್ದು ಪ್ರತ್ಯಕ್ಷ. ಅದೂ ಕಾನೂನಿನ ಮುಂದೆ ಸೋಲುವುದುಂಟು: ಅಮೆರಿಕದ ಕಾನೂನಿಗೆ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದು ಮಾತ್ರ ‘ಪುರಾತನ’. 1915ರ ಕೋವಿಗೆ ನೂರು ದಾಟಿ, ಮೈಯೆಲ್ಲ ಸುಕ್ಕಾಗಿದ್ದರೂ ಅದು ಅಲ್ಲಿ ಎಳೆಯ ಪ್ರಾಯದ್ದೇ.

ಪೂರ್ವಪಕ್ಷ ಹೀಗಿದೆ: ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಅದೇ ಮೂಲಸ್ಥಿತಿ. ಕೇಳಲು ಸೊಗಸು, ನಿಲ್ಲುವುದಿಲ್ಲ. ಹೊರಬೀಳುವ ಮೊದಲೇ ಪ್ರತಿ ಕೋವಿಗೂ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ತುಂಬಿ, ಹಾರಿಸಿ, ಸಿಡಿಯಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಮುದ್ರೆ ಒತ್ತುತ್ತಿದ್ದರು. ಹೊಸ ಕೋವಿ ಎಂಬುದು ಆಗಲೇ ಏಟು ತಿಂದ ಕೋವಿ. ಏಟು ತಿನ್ನದ ಕೋವಿ ಇಲ್ಲವೇ ಇಲ್ಲವೆಂದಲ್ಲ. ಎನ್‌ಫೀಲ್ಡಿನಲ್ಲಿ ಮಾದರಿಗಳಿಗೆಂದೇ ಒಂದು ಕೋಣೆ ಇತ್ತು. ಅಧಿಕಾರಿಗಳು ಅರಗಿನ ಮುದ್ರೆ ಹಾಕಿ ಇಟ್ಟ ಮಾದರಿ ಕೋವಿಗಳು ಅಲ್ಲಿದ್ದವು. ಉಳಿದ ಲಕ್ಷಾಂತರ ಕೋವಿಗಳು ಅವನ್ನು ಹೋಲಬೇಕು ಎಂದು ನಿಯಮ. ಕಾರ್ಖಾನೆ 1988ರಲ್ಲಿ ಮುಚ್ಚಿತು, ಆ ಸಂಗ್ರಹ ಈಗ ಲೀಡ್ಸ್ ನಗರದಲ್ಲಿದೆ. ಆ ಮಾದರಿ ಕೋವಿ ಯುದ್ಧ ಕಾಣಲಿಲ್ಲ, ಮಳೆ ಕಾಣಲಿಲ್ಲ, ಯಾವ ಸಿಪಾಯಿಯೂ ಅದನ್ನು ಊರುಗೋಲು ಮಾಡಿಕೊಳ್ಳಲಿಲ್ಲ. ಮೂಲಸ್ಥಿತಿಯಲ್ಲಿ ನಿಜವಾಗಿ ಇರುವುದು ನಿರ್ಗುಣ ಬ್ರಹ್ಮದಂತಹ ಅದೊಂದೇ. ಉಳಿದದ್ದೆಲ್ಲ ಸಂಸಾರಕ್ಕೆ ಬಿದ್ದ ಜೀವಗಳು.

ಇನ್ನು ಸೇನೆಯಾದರೂ ಮೂಲಸ್ಥಿತಿಗೆ ಗೌರವ ಕೊಟ್ಟಿತೇ ಎಂದರೆ, ಅದರಷ್ಟು ದೊಡ್ಡ ಮೂಲಸ್ಥಿತಿ ದ್ರೋಹಿ ಮತ್ತೊಬ್ಬರಿಲ್ಲ. ಮೂರನೇ ಮಾದರಿಯ ಎಡಮಗ್ಗುಲಿಗೆ ಒಂದು ಗುಂಡನೆಯ ಗುರಿಪಟ್ಟಿ ಇರುತ್ತಿತ್ತು, 2800 ಗಜದವರೆಗೆ ಗುರಿ ಹಿಡಿಯಲು. ಒಂದೂವರೆ ಮೈಲಿಗೂ ಆಚೆ ನಿಂತ ಮನುಷ್ಯ ಬರಿಗಣ್ಣಿಗೆ ಕಾಣುವುದಿಲ್ಲ. ಒಂದು ತುಕಡಿಗೆ ತುಕಡಿಯೇ ಅತ್ತ ಒಟ್ಟಿಗೆ ಗುಂಡು ಸುರಿಸಿದರೆ ಯಾರಿಗಾದರೂ ತಗುಲೀತು ಎಂಬುದು ಲೆಕ್ಕ. ಕಂದಕದ ಯುದ್ಧದಲ್ಲಿ ಆ ಲೆಕ್ಕ ಕೈಕೊಟ್ಟಿತು, 1916ರ ಸರಳೀಕರಣದಲ್ಲಿ ಗುರಿಪಟ್ಟಿ ಹೋಯಿತು. ಜೊತೆಗೆ ಮ್ಯಾಗಜಿನ್ನಿನ ಹತ್ತು ಗುಂಡುಗಳನ್ನು ಆಪತ್ಕಾಲಕ್ಕೆ ತಡೆಹಿಡಿದು, ಒಂದೊಂದಾಗಿ ತುಂಬಿಸುವಂತೆ ಮಾಡುತ್ತಿದ್ದ ತಗಡೂ ಹೋಯಿತು. ಹಳೆಯ ಕೋವಿಗಳು ದುರಸ್ತಿಗೆ ಬಂದಾಗ ಅವುಗಳ ಗುರಿಪಟ್ಟಿಯನ್ನೂ ಕಿತ್ತರು. ಇವತ್ತಿನ ಜೀರ್ಣೋದ್ಧಾರಕ ಎಷ್ಟೋ ರಾತ್ರಿ ನಿದ್ದೆಗೆಟ್ಟು ಹುಡುಕುವುದು ಸೇನೆ ಬೇಡವೆಂದು ಬಿಸಾಕಿದ ಆ ತುಣುಕನ್ನೇ. ಅಸಲಿ ಸಿಗದಿದ್ದರೆ ಹೊಸದಾಗಿ ಎರಕ ಹೊಯ್ದದ್ದನ್ನು ಕೂರಿಸುತ್ತಾನೆ, ಅದು ಹಳೆಯದಾಗಿ ಕಾಣಲೆಂದು ಬಣ್ಣ ಮಾಸಿಸುತ್ತಾನೆ. ಮೂಲಕ್ಕೆ ಮರಳಲು ಹೊಸದು ಬೇಕಾಯಿತು, ಹೊಸದು ಮೂಲವಾಗಲು ಮುದಿತನ ಬೇಕಾಯಿತು.

ಕ್ರಮಸಂಖ್ಯೆಯ ವಿಚಾರದಲ್ಲಿ ತರ್ಕ ಇನ್ನೂ ರಸವತ್ತಾಗಿದೆ. ಕೋವಿಯ ಒಡಲಿನ ಮೇಲೆ ಯಾವ ಸಂಖ್ಯೆಯಿದೆಯೋ ನಳಿಕೆ, ಬೋಲ್ಟು, ಮೂತಿಯ ಮುಚ್ಚಳಗಳ ಮೇಲೂ ಅದೇ ಇರಬೇಕು. ಒಂದು ತಪ್ಪಿದರೂ ಬೆಲೆ ಇಳಿಯುತ್ತದೆ. ಸೇನೆಯ ದುರಸ್ತಿಗಾರ ಬೋಲ್ಟು ಬದಲಿಸಿದಾಗ ಹಳೆಯ ಸಂಖ್ಯೆಗೆ ಅಡ್ಡಗೆರೆ ಎಳೆದು ಹೊಸದನ್ನು ಒತ್ತುತ್ತಿದ್ದ, ಅದು ಇತಿಹಾಸ. ಸಂಗ್ರಾಹಕ ಅದನ್ನೇ ಮಾಡಿದರೆ ಮೋಸ. ಎರಡೂ ಕಡೆ ಅದೇ ಉಕ್ಕು, ಅದೇ ಸುತ್ತಿಗೆ, ಅದೇ ಅಂಕಿ. ಒಬ್ಬನಿಗೆ ಸಂಬಳ ಬರುತ್ತಿತ್ತು, ಇನ್ನೊಬ್ಬನಿಗೆ ಇಲ್ಲ. ಹಾಗಾದರೆ ಮೂಲಸ್ಥಿತಿಯ ಲಕ್ಷಣ ವಸ್ತುವಿನಲ್ಲಿಲ್ಲ, ಸಂಬಳದ ಪಟ್ಟಿಯಲ್ಲಿದೆ ಎಂದು ಒಪ್ಪಬೇಕಾಗುತ್ತದೆ. ಕೋವಿಯನ್ನು ಪೂರ್ತಿ ಬಿಚ್ಚಿ, ಸವೆದದ್ದನ್ನೆಲ್ಲ ಬದಲಿಸಿ, ಎಫ್‌ಟಿಆರ್ ಎಂದು ಮೂರಕ್ಷರ ಕೊರೆದು ವಾಪಸು ಕಳಿಸುವ ಪದ್ಧತಿಯೂ ಸೇನೆಯಲ್ಲಿತ್ತು. ಮೊದಲು ಹೇಳಿದ ಉಪಮಾನ ಇಲ್ಲಿ ಬೇಕು. ಊರ ತೇರಿನ ಗಾಲಿ ಒಂದು ವರ್ಷ ಹೊಸದು, ಅಚ್ಚು ಮತ್ತೊಂದು ವರ್ಷ, ಮೇಲಿನ ಗೋಪುರವಂತೂ ವರ್ಷವರ್ಷವೂ ಹೊಸ ಬಿದಿರು, ಹೊಸ ಬಟ್ಟೆ. ಆದರೂ ಅಜ್ಜನ ಕಾಲದ ತೇರು ಎನ್ನುವುದಕ್ಕೆ ಊರಲ್ಲಿ ಯಾರ ತಕರಾರೂ ಇಲ್ಲ. ತೇರು ಎಳೆಯುವುದರಿಂದ ತೇರು. ಬಿಡಿಬಿಡಿ ಮರದ ವಯಸ್ಸು ಕೇಳುತ್ತಾ ಕೂತವನು ಹಗ್ಗ ಹಿಡಿಯುವುದಿಲ್ಲ.

ಈ ಉಪಮಾನಕ್ಕೆ ಜೀರ್ಣೋದ್ಧಾರಕರು ಕೊಡುವ ಉತ್ತರ, ನಾವು ಏನನ್ನೂ ಬದಲಿಸುತ್ತಿಲ್ಲ, ಮೇಲಿನ ಕೊಳೆ ಮಾತ್ರ ತೆಗೆಯುತ್ತೇವೆ ಎಂಬುದು. ಕೊಳೆ ಎಂದರೇನು ಎಂದು ನೋಡೋಣ. ಕೋವಿಯ ಮರ ಹೆಚ್ಚಾಗಿ ಅಕ್ರೋಟಿನದು. ಅದಕ್ಕೆ ಅಗಸೆ ಎಣ್ಣೆ ಉಜ್ಜುವುದು ಸಿಪಾಯಿಯ ನಿತ್ಯವಿಧಿ; ಮರ ಕುಡಿದಷ್ಟೂ ಉಜ್ಜಬೇಕು, ಕುಡಿಯದಿದ್ದರೂ ಉಜ್ಜಬೇಕು. ಹೀಗೆ ಎಷ್ಟೋ ಅಂಗೈಗಳ ಬೆವರು, ಎಷ್ಟೋ ಮಳೆಗಾಲಗಳ ಮಣ್ಣು ಎಣ್ಣೆಯ ಸಂಗಡ ಒಳಗಿಳಿದು ಮರ ಕಪ್ಪಗಾಗಿರುತ್ತದೆ. ಜೀರ್ಣೋದ್ಧಾರಕ ಸೀಮೆಸುಣ್ಣದ ಪುಡಿಯನ್ನು ಕಲಸಿ ಅದಕ್ಕೆ ಮೆತ್ತಿ ಬಿಸಿಲಿಗಿಡುತ್ತಾನೆ. ಸ್ವಲ್ಪ ಹೊತ್ತಿಗೆ ಮರ ಬೆವರುತ್ತದೆ. ಬಿಳಿಯ ಲೇಪ ಅಲ್ಲಲ್ಲಿ ಹಳದಿಯಾಗಿ, ಕಂದಾಗಿ, ಕೊನೆಗೆ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಕೆರೆದು ಕಸದ ಬುಟ್ಟಿಗೆ ಹಾಕಿ, ಮತ್ತೆ ಮೆತ್ತುತ್ತಾನೆ. ನಗ್ಗಿದ ಕಡೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತುತ್ತಾನೆ. ಬುಸ್ಸೆಂದು ಹಬೆಯೇಳುತ್ತದೆ, ಯಾವುದೋ ಕಂದಕದಲ್ಲಿ ಬಿದ್ದ ಏಟು ಉಬ್ಬಿ ಸಮನಾಗುತ್ತದೆ. ಸೇನೆಯಲ್ಲಿ ಇಸ್ತ್ರಿಯ ಭಾಗ್ಯ ಅಂಗಿಗಿತ್ತು, ಕೋವಿಗಿರಲಿಲ್ಲ. ಕಡೆಗೆ ಬಿಳಿಚಿಕೊಂಡ ಮರಕ್ಕೆ ಏನು ಹಚ್ಚುತ್ತಾನೆ? ಅಗಸೆ ಎಣ್ಣೆ. ಹಸಿಯದೋ ಕುದಿಸಿದ್ದೋ ಎಂಬಲ್ಲಿ ದ್ವೈತಾದ್ವೈತಗಳಷ್ಟೇ ಪ್ರಖರವಾದ ಮತಭೇದವಿದೆ, ಅದಕ್ಕೆ ಇಲ್ಲಿ ಜಾಗವಿಲ್ಲ. ಸೈನ್ಯದ ಕೋವಿಯಿಂದ ಸೈನ್ಯವನ್ನು ಕಳೆದರೆ ಉಳಿಯುವುದು ಶೇಷ ಎಂಬ ಗಣಿತವೇ ಇವರ ಮೂಲಸ್ಥಿತಿ.

ಎದುರುಪಕ್ಷದವರು ಇನ್ನೂ ಗಟ್ಟಿಗರು. ಕೈಯಿಡಲೇ ಕೂಡದು, ತುಕ್ಕೂ ಚರಿತ್ರೆಯೇ, ಒರೆಸಿದರೆ ಪಾಪ ಎನ್ನುತ್ತಾರೆ. ಮ್ಯೂಸಿಯಂಗೆ ಒಪ್ಪುವ ಮಾತು. ಆದರೆ ಕೋವಿ ಸೇನೆಯಲ್ಲಿದ್ದಾಗ ಅದರ ಮೇಲೆ ತುಕ್ಕಿನ ಒಂದು ಚುಕ್ಕೆ ಕಂಡರೂ ಸಿಪಾಯಿ ಶಿಕ್ಷೆಗೆ ಗುರಿಯಾಗುತ್ತಿದ್ದ. ಅವನು ಯಾವುದಕ್ಕಾಗಿ ದಂಡ ತೆತ್ತನೋ ಅದನ್ನೇ ಇವರು ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡುತ್ತಿದ್ದಾರೆ. ಕೋವಿಯ ಹಿಂಬದಿಯ ಹಿತ್ತಾಳೆ ಮುಚ್ಚಳ ತೆರೆದರೆ ಒಳಗೆ ಒಂದು ಗೂಡು. ಅದರಲ್ಲಿ ಎಣ್ಣೆಯ ಪುಟ್ಟ ಶೀಶೆ, ನಳಿಕೆಯಲ್ಲಿ ಎಳೆಯುವ ದಾರ. ದಾರಕ್ಕೆ ಸಿಕ್ಕಿಸುವ ಬಟ್ಟೆಚೂರಿಗೂ ನಾಲ್ಕು ಅಂಗುಲಕ್ಕೆ ಎರಡು ಎಂದು ಅಳತೆ ಗೊತ್ತುಮಾಡಿದ್ದರು. ಗುಂಡು ಹಾರಿಸಿದ ಮೇಲೆ ನಳಿಕೆಯಲ್ಲಿ ಉಳಿಯುವ ಉಪ್ಪು ತೇವ ಹೀರಿ ತುಕ್ಕು ತರುತ್ತದೆಂದು ಅದಕ್ಕೆ ಕುದಿಯುವ ನೀರಿನ ಅಭಿಷೇಕ. ಹೊಟ್ಟೆಯೊಳಗೇ ಒರೆಸುವ ಸಾಮಾನು ಹೊತ್ತು ಹುಟ್ಟಿದ ವಸ್ತುವನ್ನು ಒರೆಸಬಾರದು ಎನ್ನುವುದು, ಪೂಜಾಸಾಮಗ್ರಿ ಸಮೇತ ಪ್ರತಿಷ್ಠೆಯಾದ ದೇವರಿಗೆ ಪೂಜೆ ನಿಷಿದ್ಧ ಎಂದಂತೆ.

ಆದ್ದರಿಂದ ಸಿದ್ಧಾಂತ: ಕೋವಿಯ ಮೂಲಸ್ಥಿತಿ ಎಂದರೆ ತಪಾಸಣೆಯ ಸ್ಥಿತಿ. ಹೊಳಪಲ್ಲ, ತುಕ್ಕೂ ಅಲ್ಲ. ಎಷ್ಟು ಉಜ್ಜಿದರೂ ಇನ್ನೊಬ್ಬನ ಕಣ್ಣಿಗೆ ಸಾಲದೆ ಬರುವ ಒಂದು ನಿತ್ಯ ಕೊರತೆ. ಸಿಪಾಯಿ ಇದ್ದು ಹವಾಲ್ದಾರ ಇಲ್ಲದಿದ್ದರೆ ಅದು ಸಿದ್ಧಿಸದು. ಹಾಗಾದರೆ ಜೀರ್ಣೋದ್ಧಾರಕ್ಕೆ ಹವಾಲ್ದಾರನನ್ನು ಎಲ್ಲಿಂದ ತರುವುದು ಎಂಬ ಆಕ್ಷೇಪ ಉಳಿಯುತ್ತದೆ. ಸಂಗ್ರಾಹಕರ ಮೇಳಕ್ಕೆ ಹೋಗಿ ನೋಡಿದರೆ ಅದೂ ಪರಿಹಾರವಾಗುತ್ತದೆ. ಹಿಂದೆ ತಪಾಸಣೆಯ ಸಾಲಿನಲ್ಲಿ ಸಿಪಾಯಿ ಬೋಲ್ಟನ್ನು ಹಿಂದಕ್ಕೆಳೆದು, ತೆರೆದ ಬಾಯಿಗೆ ಹೆಬ್ಬೆರಳಿನ ಉಗುರು ಒಡ್ಡುತ್ತಿದ್ದ. ಉಗುರಿಗೆ ಬಿದ್ದ ಬೆಳಕು ನಳಿಕೆಯೊಳಗೆ ಹಾದು, ಮೂತಿಯಲ್ಲಿ ಕಣ್ಣಿಟ್ಟ ಅಧಿಕಾರಿಗೆ ಒಳಗಿನದೆಲ್ಲ ಕಾಣುತ್ತಿತ್ತು. ಮೇಳದಲ್ಲೂ ಕೋವಿಯ ಒಡೆಯ ತನಗೆ ಅರಿವಿಲ್ಲದೆಯೇ ಬೋಲ್ಟು ಎಳೆದು ಉಗುರು ಒಡ್ಡುತ್ತಾನೆ. ಎದುರಿನವನು ಒಂದು ಕಣ್ಣು ಮುಚ್ಚಿ, ಮೂತಿಗೆ ಬಗ್ಗಿ, ಬಹಳ ಹೊತ್ತು ನೋಡುತ್ತಾನೆ. ಆಮೇಲೆ ಎದ್ದು ನಿಂತು, ‘ಪರವಾಗಿಲ್ಲ, ಆದರೆ ಆ ತುದಿಯಲ್ಲಿ ಸ್ವಲ್ಪ ಕಪ್ಪಿದೆಯಲ್ಲ’ ಎನ್ನುತ್ತಾನೆ.