ಕೋಸಿನ ಹುಳಕ್ಕೂ ಒಂದು ಊಜಿ

ಏನ್ ಮಾವ, ಬೆಳಬೆಳಗ್ಗೇನೇ ಪಂಪು ಹೆಗಲಿಗೇರಿಸಿಬಿಟ್ರಿ? ಮೊನ್ನೆ ತಾನೇ ಔಷಧಿ ಹೊಡೆದಿದ್ರಿ! ಗಾಳಿ ಬೇರೆ ನಮ್ಮ ಕಡೆಗೇ ಬೀಸ್ತಾ ಐತೆ. ಇಳಿಸಿ ಒಂದ್ ಗಳಿಗೆ, ಬೇಲಿ ಹತ್ರ ಬನ್ನಿ.

ಈ ಕೋಸಿನ ಎಲೆ ಮಗುಚಿ ನೋಡಿ. ಅಕ್ಕಿಕಾಳಿಗಿಂತ ಚಿಕ್ಕದು, ಬೆಳ್ಳಗೆ, ನಿಮ್ಮ ಚಂದ್ರಂಕಿ ಮೇಲಿನ ರೇಷ್ಮೆಗೂಡು ಬಡವಾದಂಗೆ. ಅಯ್ಯೋ, ಹೊಸಕಬೇಡಿ! ಹುಳದ ಮೊಟ್ಟೆ ಅಲ್ಲ ಅದು, ಕಣಜದ ಗೂಡು. ಕೊಟೀಸಿಯಾ ಅಂತಾರೆ. ಎಲೆ ತೂತು ಮಾಡೋ ಹಸಿರು ಹುಳ ಅವೆಯಲ್ಲ, ಒಂದೊಂದಕ್ಕೆ ಒಂದೊಂದು ಮೊಟ್ಟೆ ಚುಚ್ಚಿ ಹೋಗುತ್ತೆ. ಮರಿ ಒಳಗೇ ಬೆಳೆದು, ಹುಳದ ಮೈ ಕೊರೆದು ಆಚೆ ಬಂದು ಹಿಂಗೆ ಗೂಡು ಕಟ್ಟುತ್ತೆ. ಹುಳದ ಕಥೆ ಮುಗೀತು.

ರೇಷ್ಮೆಹುಳ ಕೊಲ್ಲೋ ಊಜಿ ನೊಣದಂಗೇ ಅಂತೀರಾ? ಹೂಂ, ಅದೇ ಕಸುಬು. ನಿಮ್ಮ ರೇಷ್ಮೆಹುಳದ ಮನೇಲಿ ಊಜಿ ಕಾಟಕ್ಕೆ ಅಂತ ಚೀಲ ತಂದು ತೂಗು ಹಾಕ್ತೀರಲ್ಲ, ನೆಸೋಲಿಂಕ್ಸ್, ಅದೂ ಕಣಜಾನೇ ಮಾವ! ಒಳಗೆ ದುಡ್ಡು ಕೊಟ್ಟು ತಂದು ಸಾಕ್ತೀರಿ, ಹೊಲದಲ್ಲಿ ಪುಕ್ಕಟೆ ಬಂದಿದ್ದಕ್ಕೆ ವಿಷ ಹೊಡೀತೀರಿ.

ಔಷಧಿಗೆ ಹುಳಾನೂ ಸಾಯುತ್ತಾ? ಎಲ್ಲಿ! 1953ರಲ್ಲೇ ಜಾವಾದಲ್ಲಿ ಡಿಡಿಟಿಗೆ ಜಗ್ಗದೆ ನಿಂತ ಜಾತಿ ಇದು. ನೀವು ಅಂಗಡಿ ಬದಲಾಯಿಸಿ ಬೇರೆ ಔಷಧಿ ತರ್ತೀರಿ, ಹುಳ ಅದನ್ನೂ ಅರಗಿಸ್ಕೊಳ್ಳುತ್ತೆ. ಮೊದಲು ಮಣ್ಣು ಪಾಲಾಗೋದು ಕಣಜ.

ಸುಳ್ಳು ಹೇಳಲ್ಲ, ಕಣಜ ಚುಚ್ಚಿದ ಮೇಲೂ ಹುಳ ಒಂದಿಷ್ಟು ದಿನ ಎಲೆ ತಿನ್ನುತ್ತೆ. ತೂತಿದ್ರೆ ಮಂಡೀಲಿ ಮೂಗು ಮುರೀತಾರೆ, ಅದೂ ನಿಜ. ಅದಕ್ಕೇ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಇಪ್ಪತ್ತೈದು ಸಾಲು ಕೋಸಿಗೆ ಎರಡು ಸಾಲು ಸಾಸಿವೆ ಹಾಕಿ ಅಂದಿದ್ದು. ಒಂದು ಸಾಲು ನಾಟಿಗೆ ಹದಿನೈದು ದಿನ ಮುಂಚೆ, ಇನ್ನೊಂದು ನಾಟಿಯಾಗಿ ಇಪ್ಪತ್ತೈದು ದಿನಕ್ಕೆ. ಈ ಹುಳದ ಪತಂಗ ಸಾಸಿವೆಗೇ ಹೋಗಿ ಮೊಟ್ಟೆ ಇಡುತ್ತೆ. ಹೊಡೀಲೇಬೇಕಂದ್ರೆ ಆ ಸಾಲಿಗೆ ಹೊಡ್ಕೊಳ್ಳಿ, ಕೋಸಿನ ಮೇಲೆ ಬೇವಿನ ಬೀಜದ ಕಷಾಯ ಸಾಕು. ಬದುವಲ್ಲಿ ಕೊತ್ತಂಬರಿ ಹೂವಿಗೆ ಬಿಟ್ರೆ ಕಣಜಕ್ಕೂ ಕುಡಿಯೋಕೆ ಮಕರಂದ ಸಿಗುತ್ತೆ.

ಏನು, ಸಾಸಿವೆ ಬೀಜಾನೂ ನನ್ನನ್ನೇ ಕೇಳ್ತೀರಾ? ಕೊಡೋಣಂತೆ. ಹೋದ ಸುಗ್ಗೀಲಿ ಒಯ್ದ ಕುಡುಗೋಲು ಮೊದಲು ಈ ಕಡೆ ದಾಟಿಸಿ.