ಧನು ರಾಶಿಯ ವಸೂಲಿ ಕಚೇರಿ

ಸ್ಯಾಕ್ಸ್ ಜೆ1808.4-3658 ಎಂಬುದು ಧನು ರಾಶಿಯ ದಿಕ್ಕಿನಲ್ಲಿ, ಸುಮಾರು 11,000 ಜ್ಯೋತಿರ್ವರ್ಷ ದೂರದಲ್ಲಿರುವ ನ್ಯೂಟ್ರಾನ್ ನಕ್ಷತ್ರ. ಹೆಸರಿನ ಮೊದಲ ತುಣುಕು 1996ರಲ್ಲಿ ಅದನ್ನು ಪತ್ತೆಹಚ್ಚಿದ ಬೆಪ್ಪೊಸ್ಯಾಕ್ಸ್ ಉಪಗ್ರಹದ್ದು. ಉಳಿದ ಅಂಕಿಗಳು ಆಕಾಶದಲ್ಲಿ ಅದರ ಡೋರ್ ನಂಬರ್. ಇಂಥ ನಕ್ಷತ್ರಗಳಲ್ಲಿ ಸೂರ್ಯನನ್ನೂ ಮೀರಿದ ದ್ರವ್ಯ ಒಂದು ಊರಿನಗಲದ ಗೋಳದೊಳಗೆ ಅಡಕವಾಗಿರುತ್ತದೆ. ಈ ಕಾಯ ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ ಎಕ್ಸ್-ಕಿರಣಗಳಲ್ಲಿ ಭುಗಿಲೆದ್ದು, ಕೆಲವು ವಾರಗಳಲ್ಲಿ ತಣ್ಣಗಾಗುತ್ತದೆ. ಬಾಗಿಲು ತೆರೆದಿದ್ದ ಅಂಥದೊಂದು ಅವಧಿಯ ಕಾಲ್ಪನಿಕ ಸಂದರ್ಶನ ಮುಂದಿದೆ.

ಪ್ರಶ್ನೆ: ಆದಾಯದ ಮೂಲ?

ಉತ್ತರ: ಸಂಗಾತಿ ನಕ್ಷತ್ರ. ಎರಡೂ ಸುಮಾರು ಎರಡು ಗಂಟೆಗೊಂದು ಸುತ್ತು ಹಾಕುತ್ತವೆ. ಸಂಗಾತಿಯಲ್ಲಿ ಈಗ ಉಳಿದಿರುವುದು ಸೂರ್ಯನ ಇಪ್ಪತ್ತನೇ ಒಂದು ಪಾಲಿನಷ್ಟು ದ್ರವ್ಯ. ಅನಿಲವನ್ನು ಅದು ಸ್ವಇಚ್ಛೆಯಿಂದಲೇ ಕೊಡುತ್ತಿದೆ. ಗುರುತ್ವವನ್ನು ಒತ್ತಾಯ ಎನ್ನುವುದು ತರವಲ್ಲ.

ಪ್ರಶ್ನೆ: ವಸೂಲಿ ನಿತ್ಯ ನಡೆದರೂ ವರ್ಷಗಟ್ಟಲೆ ಕತ್ತಲೆ ಏಕೆ?

ಉತ್ತರ: ಬಂದ ಅನಿಲ ನೇರವಾಗಿ ಒಳಗೆ ಬರುವಂತಿಲ್ಲ. ಸುತ್ತಲಿನ ತಟ್ಟೆಯಲ್ಲಿ ಟಪಾಲಿನ ಕಟ್ಟುಗಳಂತೆ ಸರದಿ ಕಾಯಬೇಕು. ತಣ್ಣನೆಯ ತಟ್ಟೆಯಲ್ಲಿ ಅದು ಒಳಕ್ಕೆ ಜಾರುವುದು ಬಲು ನಿಧಾನ. ರಾಶಿ ಬೆಳೆದು, ಬಿಸಿಯೇರಿ, ಹೈಡ್ರೋಜನ್ ಅಯಾನೀಕರಣಗೊಂಡಾಗ ತಟ್ಟೆಯ ಸ್ನಿಗ್ಧತೆ ಥಟ್ಟನೆ ಹೆಚ್ಚುತ್ತದೆ. ವರ್ಷಗಳ ಬಾಕಿ ವಾರಗಳಲ್ಲಿ ವಿಲೇವಾರಿ. ಬೇರೆ ಕಚೇರಿಗಳಲ್ಲಿ ಇದಕ್ಕೆ ಮಾರ್ಚ್ ಕೊನೆ ಎನ್ನುತ್ತಾರಂತೆ.

ಪ್ರಶ್ನೆ: ಎಕ್ಸ್-ಕಿರಣವೇ ಏಕೆ?

ಉತ್ತರ: ಅನಿಲ ಬೆಳಕಿನ ವೇಗದ ಅರ್ಧದ ಆಸುಪಾಸಿನಲ್ಲಿ ಬಂದು ಬಡಿಯುತ್ತದೆ. ಬಿದ್ದ ಜಾಗ ಕೋಟಿ ಡಿಗ್ರಿಯ ಮಟ್ಟಕ್ಕೆ ಕಾಯುತ್ತದೆ. ಅನಿಲ ಪರಮಾಣು ಸಮ್ಮಿಲನದಲ್ಲಿ ಉರಿದು ಕೊಡುವುದಕ್ಕಿಂತ ಹೀಗೆ ಬಿದ್ದು ಕೊಡುವ ಶಕ್ತಿ ಹತ್ತು ಪಟ್ಟಿಗೂ ಹೆಚ್ಚು. ದುಡಿಯುವುದಕ್ಕಿಂತ ಬೀಳುವುದರಲ್ಲಿ ಲಾಭವಿರುವ ಏಕೈಕ ಇಲಾಖೆ ಇದೆಂಬ ಹೆಮ್ಮೆ ಕಚೇರಿಗಿಲ್ಲ.

ಪ್ರಶ್ನೆ: ಸೆಕೆಂಡಿಗೆ 401 ಬಾರಿ ತಿರುಗುವುದು ಗುಟ್ಟಾಗಿತ್ತೆ?

ಉತ್ತರ: 1998ರ ವರೆಗೆ. ಕಾಂತಕ್ಷೇತ್ರ ಅನಿಲವನ್ನು ಧ್ರುವಗಳತ್ತ ತಿರುಗಿಸುತ್ತದೆ. ಅಲ್ಲಿನ ಬಿಸಿ ಮಚ್ಚೆ ಸುತ್ತು ಸುತ್ತಿಗೂ ಇಣುಕುತ್ತದೆ. ಆರ್‌ಎಕ್ಸ್‌ಟಿಇ ಉಪಗ್ರಹದ ದತ್ತಾಂಶದಲ್ಲಿ ರೂಡಿ ವೈನಾಂಡ್ಸ್ ಮತ್ತು ಮಿಷಿಯೆಲ್ ವಾನ್ ಡರ್ ಕ್ಲಿಸ್ ಆ ಮಿಡಿತವನ್ನು ಎಣಿಸಿಬಿಟ್ಟರು. ಅನಿಲ ನುಂಗುತ್ತ ಮಿಲಿಸೆಕೆಂಡುಗಳ ಲಯದಲ್ಲಿ ಮಿಡಿಯುವ ನಕ್ಷತ್ರಗಳಲ್ಲಿ ಸಿಕ್ಕಿಬಿದ್ದ ಮೊದಲನೆಯದು ಇದೇ. ಈ ವೇಗವೂ ಸಂಗಾತಿಯ ಅನಿಲ ಕೊಟ್ಟದ್ದೆಂಬ ಟೀಕೆಗೆ ಪ್ರತಿಕ್ರಿಯೆ ಇಲ್ಲ.

ಪ್ರಶ್ನೆ: 2019ರ ಆಗಸ್ಟ್ 20ರ ಸ್ಫೋಟ?

ಉತ್ತರ: ಸಣ್ಣ ಶಾರ್ಟ್ ಸರ್ಕ್ಯೂಟ್. ಮೇಲ್ಮೈಯಲ್ಲಿ ಶೇಖರವಾಗಿದ್ದ ಹೀಲಿಯಂ ಒಮ್ಮೆಗೇ ಹೊತ್ತಿಕೊಂಡಿತು. ಸೂರ್ಯ ಸುಮಾರು 10 ದಿನ ಸೂಸುವಷ್ಟು ಶಕ್ತಿ 20 ಸೆಕೆಂಡಿನಲ್ಲಿ ಖರ್ಚಾಯಿತು. ಬೆಳಕು ಏರಿ, ಕ್ಷಣ ತಡೆದು, ಮತ್ತೆ ಏರಿದ್ದನ್ನೂ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ನೈಸರ್ ದೂರದರ್ಶಕ ಬರೆದುಕೊಂಡಿದೆ.

ಪ್ರಶ್ನೆ: ನಿಗಾ ಬಗ್ಗೆ ಅಭಿಪ್ರಾಯ?

ಉತ್ತರ: ಆಕ್ಷೇಪವಿದೆ. ಭೂಮಿಯ ವಾತಾವರಣ ಎಕ್ಸ್-ಕಿರಣಗಳನ್ನು ತಡೆಯುವುದರಿಂದ ಮೊದಲು ನೆಮ್ಮದಿಯಿತ್ತು. ಈಗ ಅದೇ ನಿಲ್ದಾಣದಿಂದ ಜಪಾನಿನ ಮ್ಯಾಕ್ಸಿ ಸುಮಾರು ಒಂದೂವರೆ ಗಂಟೆಗೊಮ್ಮೆ ಆಕಾಶದ ಮೇಲೆ ಕಣ್ಣಾಡಿಸುತ್ತದೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹೊರಟ ಆಸ್ಟ್ರೋಸ್ಯಾಟ್ ಕೂಡ 2019ರಲ್ಲಿ ತಪಾಸಣೆ ನಡೆಸಿತು. ಅದರ ದತ್ತಾಂಶ ಬೆಂಗಳೂರು ಬಳಿಯ ಬ್ಯಾಲಾಳುವಿನಲ್ಲಿದೆ. ಆ ಸಲವಂತೂ ಎಕ್ಸ್-ಕಿರಣ ಏಳುವ 12 ದಿನ ಮುಂಚೆಯೇ ಕಣ್ಣಿಗೆ ಕಾಣುವ ಬಗೆಯ ಬೆಳಕು ಹೆಚ್ಚಿತ್ತು. ಒಳಗಿನ ಸುದ್ದಿ ತಟ್ಟೆಯಿಂದ ಸೋರಿದೆ; ವಿಚಾರಣೆಗೆ ಆದೇಶವಾಗಿದೆ.

ಪ್ರಶ್ನೆ: ಕಚೇರಿ ಮುಚ್ಚುವುದು ಯಾವಾಗ?

ಉತ್ತರ: ತಟ್ಟೆ ತಣಿದಾಗ. ಮುಖ್ಯ ಭುಗಿಲು ಇಳಿದ ಮೇಲೂ ಕೆಲಕಾಲ ಬೆಳಕು ಏಳುತ್ತ ಬೀಳುತ್ತ ಇರುತ್ತದೆ. ಅದು ಬಾಕಿ ಸಹಿಗಳ ಕೆಲಸ.

ಪ್ರಶ್ನೆ: ಸಂಗಾತಿಯ ದೂರು ಏನಾದರೂ ಇದೆಯೆ?

ಉತ್ತರ: ದಾಖಲಾಗಿಲ್ಲ.

ದಾಖಲಾಗಿದೆ. ನಕ್ಷತ್ರದ ಮಿಡಿತಗಳು ಪ್ರತಿ ಎರಡು ಗಂಟೆಯ ಸುತ್ತಿನಲ್ಲಿ ಸುಮಾರು 63 ಮಿಲಿಸೆಕೆಂಡ್ ಬೇಗ, ಮತ್ತೆ ಅಷ್ಟೇ ತಡವಾಗಿ ತಲುಪುತ್ತವೆ. ಸಂಗಾತಿ ಜಗ್ಗುವುದರಿಂದ ನಕ್ಷತ್ರ ಒಮ್ಮೆ ಭೂಮಿಗೆ ತುಸು ಹತ್ತಿರ, ಒಮ್ಮೆ ತುಸು ದೂರ ಸರಿಯುವುದೇ ಇದಕ್ಕೆ ಕಾರಣ. ಸಂಗಾತಿಯ ಸುತ್ತಿನ ಅವಧಿಯನ್ನು ಲೆಕ್ಕ ಹಾಕಿದ್ದೂ, ಅದರ ದ್ರವ್ಯವನ್ನು ಅಂದಾಜು ಮಾಡಿದ್ದೂ ಈ ಏರುಪೇರಿನಿಂದಲೇ: ದೂರು ಬರೆದಿರುವುದು ಕಚೇರಿಯ ಸ್ವಂತ ಲೆಕ್ಕದ ಪುಸ್ತಕದಲ್ಲಿ.