384ರ ಡಾಕ್ಟ್ರು

ಯಾವ ಮೆಡಿಕಲ್ ಕಾಲೇಜಿಗೆ ಹೋದರೂ ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲಿ ಇವರೊಬ್ಬರು ಇದ್ದೇ ಇರುತ್ತಾರೆ. ಕೊರಳಲ್ಲಿ ಸ್ಟೆತಾಸ್ಕೋಪ್ ಇರುವುದಿಲ್ಲ, ಪೆನ್ ಡ್ರೈವ್ ಇರುತ್ತದೆ. ‘ಹೇಗಿದ್ದೀರಿ ಸಾರ್?’ ಎಂದರೆ ‘ಪ್ರಪೋಸಲ್ ಕಳಿಸಬೇಕು, ನಾಳೆ ಕೊನೇ ದಿನ’ ಎನ್ನುತ್ತಾರೆ. ಮಂಚ ಇಲ್ಲದ ವಿಭಾಗದ ವೈದ್ಯ ಎಂದು ಸರ್ಜರಿಯವರು ಛೇಡಿಸಿದರೆ, ‘ನಮ್ಮ ರೋಗಿ ಇಡೀ ತಾಲ್ಲೂಕು ಕಣ್ರೀ’ ಎಂಬ ಉತ್ತರ ಸಿದ್ಧವಾಗಿದೆ. ಆ ತಾಲ್ಲೂಕಿಗೆ ಏನಾಗಿದೆ ಎಂದು ಮಾತ್ರ ಕೇಳಬಾರದು. ಅದು ಅನುದಾನ ಬಂದ ಮೇಲೆ ಗೊತ್ತಾಗುವ ಸಂಗತಿ.

ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಆನ್‌ಲೈನಿನಲ್ಲಿ ಸಂಶೋಧನಾ ವಿಧಾನದ ಕೋರ್ಸೊಂದನ್ನು ನಡೆಸುತ್ತದೆ. ಮೆಡಿಕಲ್ ಕಾಲೇಜಿನ ಮೇಷ್ಟ್ರುಗಳೂ ಪಿ.ಜಿ.ಗಳೂ ಅದನ್ನು ಪಾಸು ಮಾಡಲೇಬೇಕು. ಉಳಿದವರು ಪಾಸಾಗಿ ಮರೆತರು; ಇವರು ಮರೆಯಲಿಲ್ಲ, ತೊಂದರೆಯೆಲ್ಲ ಅಲ್ಲಿಂದಲೇ. ನೆಂಟರೊಬ್ಬರು ‘ಕಷಾಯ ಕುಡಿದೆ, ನೆಗಡಿ ಒಂದೇ ವಾರಕ್ಕೆ ಹೋಯ್ತು’ ಎಂದರೆ, ‘ಕುಡಿಯದವರಿಗೆ ಎಷ್ಟು ದಿನಕ್ಕೆ ಹೋಯ್ತು?’ ಎಂದು ಕೇಳಿ ಮನೆಯವರಿಂದ ಬೈಸಿಕೊಳ್ಳುತ್ತಾರೆ. (ಪ್ರಶ್ನೆ ಸರಿಯಾದದ್ದೇ ಎಂಬುದು ನನ್ನ ಅಭಿಪ್ರಾಯ. ಕೇಳಿದ್ದು ಗೃಹಪ್ರವೇಶದ ಪಂಕ್ತಿಯಲ್ಲಿ.)

ಇವರ ಅಧ್ಯಯನಗಳೆಲ್ಲ ‘ಕ್ರಾಸ್ ಸೆಕ್ಷನಲ್’. ಅಂದರೆ ಒಮ್ಮೆ ಹೋಗಿ, ಒಮ್ಮೆ ಕೇಳಿ, ಬಂದುಬಿಡುವುದು. ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ಯಾರಿಗೆ ಯಾವ ಕಾಯಿಲೆ ಬರುತ್ತದೆಂದು ನೋಡುವ ‘ಕೋಹಾರ್ಟ್’ ಇವರಿಗೆ ತಿಳಿಯದೆ ಏನಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1948ರಲ್ಲಿ ಶುರುವಾದ ಹೃದಯರೋಗದ ಅಧ್ಯಯನ ಮಕ್ಕಳು, ಮೊಮ್ಮಕ್ಕಳವರೆಗೂ ಬಂದಿದೆ ಎಂದು ಪಾಠದಲ್ಲಿ ಕಣ್ಣರಳಿಸಿ ಹೇಳುತ್ತಾರೆ. ಹೇಳಿ ನಿಟ್ಟುಸಿರು ಬಿಡುತ್ತಾರೆ: ‘ನಮಗೆ ದುಡ್ಡು ಮಾರ್ಚ್ 31ರೊಳಗೆ ಖರ್ಚಾಗಬೇಕಲ್ಲಪ್ಪ.’

ಇನ್ನು ಆ 384. ಎಷ್ಟು ಜನರನ್ನು ಮಾತಾಡಿಸಬೇಕು ಎಂಬುದಕ್ಕೆ ಸೂತ್ರವಿದೆ. ಊರಲ್ಲಿ ಆ ಕಾಯಿಲೆ ಎಷ್ಟಿದೆಯೆಂದು ಮೊದಲೇ ಗೊತ್ತಿದ್ದರೆ ಆ ಅಂಕಿ ಹಾಕಬೇಕು, ಗೊತ್ತಿಲ್ಲವಾದರೆ ಶೇ. 50 ಎಂದುಕೊಳ್ಳಬೇಕು, ಏಕೆಂದರೆ ಆಗಲೇ ಲೆಕ್ಕ ಅತಿ ದೊಡ್ಡದಾಗಿ ಬರುವುದು. ಶೇ. 5ರಷ್ಟು ಆಚೀಚೆ, ಶೇ. 95ರಷ್ಟು ಭರವಸೆ ಸಾಕೆಂದರೆ 384.16 ಬರುತ್ತದೆ. ಡಾಕ್ಟ್ರಿಗೆ ಯಾವುದೂ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಸಕ್ಕರೆ ಕಾಯಿಲೆಗೂ 384, ಹಾವು ಕಡಿತಕ್ಕೂ 384, ಮಕ್ಕಳ ಮೊಬೈಲ್ ಚಟಕ್ಕೂ 384. ಉಳಿದ 0.16 ಮನುಷ್ಯನನ್ನು ಎಲ್ಲಿಂದ ತರುವುದೆಂದು ಒಬ್ಬ ಪಿ.ಜಿ. ಕೇಳಿದ, ಅವನ ಪ್ರಬಂಧದ ಸಿನಾಪ್ಸಿಸ್ ಇನ್ನೂ ಸಹಿಯಾಗಿಲ್ಲ.

ಮದುವೆ ಅಡುಗೆಯವರು ಕರೆಯದೆ ಬರುವವರಿಗೆಂದು ಒಂದು ಸೇರು ಅಕ್ಕಿ ಜಾಸ್ತಿ ಹಾಕುತ್ತಾರೆ. ಇವರು ಕರೆದರೂ ಬಾರದವರಿಗೆಂದು ಶೇ. 10 ಜಾಸ್ತಿ ಹಾಕುತ್ತಾರೆ. ಅದನ್ನು ಕೂಡಿದರೆ 422, 0.9ರಿಂದ ಭಾಗಿಸಿದರೆ 427. ಯಾವುದು ಸರಿ ಎಂಬ ಚರ್ಚೆ ವಿಭಾಗದಲ್ಲಿ ಸಂಕ್ರಾಂತಿಗೆ ಶುರುವಾಗಿ ಯುಗಾದಿಗೂ ಮುಗಿದಿರಲಿಲ್ಲ. ಸಂಖ್ಯಾಶಾಸ್ತ್ರದವರು ಬಂದು ‘ಬಿಡಿಬಿಡಿಯಾಗಿ ಅಲ್ಲ, ಗುಂಪುಗುಂಪಾಗಿ ಆರಿಸಿದ ಕ್ಲಸ್ಟರ್ ಸ್ಯಾಂಪಲ್ ಅಲ್ಲವಾ, ಅದಕ್ಕೆ ಜಾಸ್ತಿ ಜನ ಬೇಕು, ಡಿಸೈನ್ ಎಫೆಕ್ಟ್ ಎಲ್ಲಿ?’ ಎಂದು ಕೇಳಿ ಎಲ್ಲವನ್ನೂ ಎರಡರಿಂದ ಗುಣಿಸಿ ಹೋದರು.

ಇಷ್ಟೂ ಜನ ಸಿಗುವುದು ಕಾಲೇಜಿನ ಗ್ರಾಮೀಣ ಆರೋಗ್ಯ ಕೇಂದ್ರದ ಪಕ್ಕದ ಹಳ್ಳಿಯಲ್ಲೇ, ಪ್ರತಿ ಬ್ಯಾಚಿಗೂ. ಅಲ್ಲೊಬ್ಬ ಅಜ್ಜಿ, ಬಿಳಿ ಕೋಟು ಕಂಡೊಡನೆ ತಾನೇ ಶುರು ಮಾಡುತ್ತಾಳೆ: ‘ಕೈ ತೊಳೆಯೋದು ಊಟಕ್ಕೆ ಮುಂಚೆ, ಕಕ್ಕಸಿಗೆ ಹೋಗ್ಬಂದ ಮೇಲೆ, ಸೋಪಾಕಿ. ಬರ್ಕೊಂಡ್ಯಾ ಮಗಾ?’

‘ಬರ್ಕೊಂಡೆ ಅಜ್ಜಿ.’

‘ನಲ್ಲೀಲಿ ನೀರು ಬರೋದು ವಾರಕ್ಕೊಂದ್ಸಲ. ಅದನ್ನ ಎಲ್ಲಿ ಬರೀತೀಯ?’

‘ಅದಕ್ಕೆ ಕಾಲಂ ಇಲ್ಲ ಅಜ್ಜಿ.’

ವರದಿಯಲ್ಲಿ ಅಜ್ಜಿಯ ಜ್ಞಾನ ‘ಉತ್ತಮ’, ಮನೋಭಾವ ‘ಉತ್ತಮ’, ಆಚರಣೆ ‘ಕಳಪೆ’. ಶಿಫಾರಸು: ಅರಿವು ಮೂಡಿಸಬೇಕು. ಅದಕ್ಕೆ ಇನ್ನೊಂದು ಪ್ರಪೋಸಲ್.

ಡಾಕ್ಟ್ರು ದಡ್ಡರಲ್ಲ. ಮಂಗನ ಕಾಯಿಲೆಯ ಪಾಠದ ದಿನ ಅವರನ್ನು ನೋಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದದ್ದು, ಅತ್ತಕಡೆಯ ಊರಿನವರು ಜ್ವರದಲ್ಲಿ ನರಳಿದ್ದು, ಹಳದಿ ಜ್ವರವೇ ಬಂತೇನೋ ಎಂಬ ಭಯದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಕಾಡು ಹೊಕ್ಕದ್ದು, ಹೊಸದೇ ವೈರಸ್ ಸಿಕ್ಕಿ, ಹರಡುವುದು ಉಣುಗಿನಿಂದ ಎಂದು ತಿಳಿದದ್ದು, ಎಲ್ಲವನ್ನೂ ತಾವೇ ಕಂಡವರಂತೆ ಹೇಳುತ್ತಾರೆ. ‘ಮಂಗ ಯಾಕೆ ಸಾಯ್ತಿದೆ? ಇಷ್ಟೇ ನೋಡ್ರಪ್ಪ ಪ್ರಶ್ನೆ!’ ಎಂದು ಮೇಜು ಗುದ್ದುತ್ತಾರೆ. ಹಿಂದಿನ ಬೆಂಚಿನಿಂದ ಒಂದು ದನಿ: ‘ಸಾರ್, 384 ಮಂಗ ಸತ್ತಿದ್ವಾ?’

ಅಂದು ಸಂಜೆ ಡಾಕ್ಟ್ರು ಪ್ರಪೋಸಲನ್ನು ಮತ್ತೆ ತೆರೆದರು. ಬಜೆಟ್ಟಿನಲ್ಲಿ ಲ್ಯಾಪ್‌ಟಾಪ್ ಇತ್ತು, ಪ್ರಿಂಟರ್ ಇತ್ತು, ಪ್ರಯಾಣ ಭತ್ಯೆ ಇತ್ತು. ಯಾವ ತಿಂಗಳು ಏನು ಕೆಲಸ ಎಂಬ ಪಟ್ಟಿ ಏಳು ಬಣ್ಣಗಳಲ್ಲಿತ್ತು. ‘ಸಂಶೋಧನಾ ಪ್ರಶ್ನೆ’ ಎಂಬಲ್ಲಿ ಮಾತ್ರ ‘ಆಮೇಲೆ ತುಂಬುವುದು’ ಎಂದಿತ್ತು. ಕೊನೆಯ ದಿನಾಂಕ ಹದಿನೈದು ದಿನ ಮುಂದೆ ಹೋಗಿದೆ ಎಂದು ಅಷ್ಟರಲ್ಲಿ ವಾಟ್ಸ್ಯಾಪ್ ಬಂತು, ಕಂಪ್ಯೂಟರ್ ಮುಚ್ಚಿದರು.

ನಿಮ್ಮ ಬಾಗಿಲಿಗೂ ಒಂದು ದಿನ ಅವರ ಹುಡುಗರು ಬಂದಾರು. ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಸಹಿ ಹಾಕಿ. ಬೇಡ ಎನ್ನುವ ಹಕ್ಕು ನಿಮಗಿದೆ, ಅದರಲ್ಲೇ ಬರೆದಿರುತ್ತದೆ. ಬೇಡವೆಂದು ಬಾಗಿಲು ಹಾಕಿಕೊಂಡಿರೋ, ಡಾಕ್ಟ್ರು ನೊಂದುಕೊಳ್ಳುತ್ತಾರೆಂಬ ಚಿಂತೆ ಬೇಡ: ನಿಮ್ಮನ್ನು ಆ ಶೇ. 10ರಲ್ಲಿ ಆಗಲೇ ಲೆಕ್ಕಕ್ಕೆ ಹಿಡಿದಿದ್ದಾರೆ.